ಹಳೆಯ ನಿಲ್ದಾಣದ ಹಳಿನಕ್ಷೆ

ಅರವತ್ತು ದಾಟಿದವನೊಬ್ಬ ಆಟದ ರೈಲು ಕಟ್ಟಲು ಹೊರಟರೆ ನೆರೆಹೊರೆಯವರು ನಗುವುದು ಸಹಜ. ನನ್ನ ಮನೆಯವರೂ ನಕ್ಕರು. ನಕ್ಕವರಲ್ಲಿ ಒಬ್ಬರು ನನ್ನ ಹಿರಿಯ ಮಿತ್ರರು. ಓಲೆಗರಿಗಳನ್ನು ಓದಿ, ಪ್ರತಿಗಳನ್ನು ಹೋಲಿಸಿ, ಹಳೆಯ ಕಾವ್ಯಗಳನ್ನು ಅಚ್ಚಿಗೆ ಸಿದ್ಧಪಡಿಸುವುದರಲ್ಲಿ ಆಯುಷ್ಯ ಕಳೆದವರು. ನಗು ನಿಂತ ಮೇಲೆ ಅವರು ಒಂದು ಪ್ರಶ್ನೆ ಕೇಳಿದರು: "ಕಟ್ಟುತ್ತೀರಿ, ಸಂತೋಷ. ಆದರೆ ಆಧಾರಪ್ರತಿ ಯಾವುದು?"

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಮುಂದಿನ ಮೂರು ವರ್ಷ ನಾನು ಮಾಡಿದ್ದೆಲ್ಲ ಆ ಉತ್ತರದ ಹುಡುಕಾಟವೇ. ಈ ಹೊತ್ತು ನಿಮ್ಮೊಡನೆ ಹಂಚಿಕೊಳ್ಳಬೇಕೆಂದಿರುವುದೂ ಅದನ್ನೇ.

ನಾನು ಕಟ್ಟಬಯಸಿದ್ದು ಮೈಸೂರು ರೈಲು ನಿಲ್ದಾಣವನ್ನು; ಈಗಿನದನ್ನಲ್ಲ, ಮೀಟರ್ ಗೇಜಿನ ಕಾಲದ್ದನ್ನು. ಕಲ್ಲಿದ್ದಲ ಹೊಗೆಯ ವಾಸನೆ ಇನ್ನೂ ಮೂಗಿನಲ್ಲಿ ಉಳಿದಿರುವ ನನ್ನಂಥವರಿಗೆ ಅದು ಕಣ್ಣು ಮುಚ್ಚಿದರೂ ಕಾಣುವ ಜಾಗವೆಂಬ ಭ್ರಮೆ. ಕಾಗದದ ಮೇಲೆ ಬರೆಯಲು ಕುಳಿತಾಗ ತಿಳಿಯಿತು: ನನಗೆ ನೆನಪಿದ್ದದ್ದು ಪ್ಲಾಟ್‌ಫಾರಂ, ಗಡಿಯಾರ, ಕಾಫಿ ಮಾರುವವನ ಕೂಗು. ಹಳಿಗಳು ನೆನಪಿರಲಿಲ್ಲ. ಪ್ರಯಾಣಿಕ ರೈಲನ್ನು ನೋಡುತ್ತಾನೆ, ಹಳಿಯನ್ನು ನೋಡುವುದಿಲ್ಲ.

ಹಳಿನಕ್ಷೆಯೆಂದರೆ ಇಷ್ಟೆ. ನಿಲ್ದಾಣದ ಆವರಣದಲ್ಲಿ ಎಷ್ಟು ದಾರಿಗಳಿದ್ದವು, ಯಾವುದು ಎಲ್ಲಿ ಕವಲೊಡೆದು ಎಲ್ಲಿ ಮತ್ತೆ ಕೂಡುತ್ತಿತ್ತು, ಯಾವುದು ಗೂಡ್ಸ್ ಷೆಡ್ಡಿನ ಪಕ್ಕಕ್ಕೆ ಹೋಗಿ ಅಲ್ಲಿಗೇ ಮುಗಿಯುತ್ತಿತ್ತು, ಎಂಜಿನ್ನು ಎಲ್ಲಿ ನೀರು ತುಂಬಿಕೊಳ್ಳುತ್ತಿತ್ತು, ಎಲ್ಲಿ ತಿರುಗುತ್ತಿತ್ತು ಎಂಬುದನ್ನು ತೋರಿಸುವ ಚಿತ್ರ. ಕಟ್ಟಡವನ್ನು ಛಾಯಾಚಿತ್ರ ನೋಡಿ ಕಟ್ಟಬಹುದು, ಎಂಜಿನ್ನನ್ನು ವಸ್ತುಸಂಗ್ರಹಾಲಯದಲ್ಲಿ ಅಳೆದು ಮಾಡಬಹುದು. ಹಳಿಗಳ ವಿನ್ಯಾಸವನ್ನು ಮಾತ್ರ ಊಹಿಸಿ ಹಾಕಿದರೆ ಮಾದರಿ ನೋಡಲು ಅಂದವಾಗಿದ್ದೀತು, ಅದರ ಮೇಲೆ ರೈಲು ನಡೆಸಲು ಹೋದಾಗ ಸುಳ್ಳು ಹೊರಬೀಳುತ್ತದೆ. ಬಂದ ಎಂಜಿನ್ನಿಗೆ ಹೊರಗೆ ಹೋಗಲು ದಾರಿಯಿರುವುದಿಲ್ಲ. ಗೂಡ್ಸ್ ವ್ಯಾಗನ್ನನ್ನು ಷೆಡ್ಡಿಗೆ ತಳ್ಳಬೇಕಾದರೆ ಪ್ರಯಾಣಿಕರ ರೈಲನ್ನೇ ಹೊರಗೆ ಎಳೆಯಬೇಕಾಗುತ್ತದೆ.

ಇನ್ನೊಂದು ತೊಡಕು ಅಳತೆಯದು. ಜಗತ್ತಿನಲ್ಲಿ ಬಹಳ ಬಳಕೆಯಲ್ಲಿರುವ ಮಾದರಿ ಪ್ರಮಾಣ 87ಕ್ಕೆ 1. ಸಾವಿರ ಮಿಲಿಮೀಟರ್ ಅಗಲದ ಮೀಟರ್ ಗೇಜು ಈ ಪ್ರಮಾಣದಲ್ಲಿ ಹನ್ನೊಂದೂವರೆ ಮಿಲಿಮೀಟರಾಗುತ್ತದೆ. ಅಂಗಡಿಯಲ್ಲಿ 12 ಮಿಲಿಮೀಟರಿನ ಹಳಿ ಸಿಗುವುದರಿಂದ ಅಷ್ಟು ವ್ಯತ್ಯಾಸವನ್ನು ನುಂಗಿಕೊಳ್ಳಬಹುದು. ಉದ್ದವನ್ನು ನುಂಗಿಕೊಳ್ಳಲಾಗದು. ಅರ್ಧ ಕಿಲೋಮೀಟರ್ ಉದ್ದದ ಆವರಣ ಈ ಪ್ರಮಾಣದಲ್ಲಿ ಐದೂಮುಕ್ಕಾಲು ಮೀಟರ್, ಎಂದರೆ ಸುಮಾರು ಹತ್ತೊಂಬತ್ತು ಅಡಿ. ನಮ್ಮ ಮನೆಯ ನಡುಮನೆ ಹದಿನಾರು ಅಡಿ. ಆದ್ದರಿಂದ ಯಾವ ಮಾದರಿಕಾರನೂ ಸಂಕ್ಷೇಪ ಮಾಡಲೇಬೇಕು. ಕಾವ್ಯವನ್ನು ಸಂಗ್ರಹಿಸುವವನಿಗೆ ಪೂರ್ಣಕಾವ್ಯ ಗೊತ್ತಿರಬೇಕಾದಂತೆ, ಯಾವುದನ್ನು ಬಿಟ್ಟರೆ ನಿಲ್ದಾಣದ ಅರ್ಥ ಕೆಡುವುದಿಲ್ಲವೆಂದು ತಿಳಿಯಬೇಕಾದರೆ ಮೊದಲು ಅದು ಪೂರ್ತಿಯಾಗಿ ಹೇಗಿತ್ತೆಂದು ತಿಳಿದಿರಬೇಕು.

ಈ ಹವ್ಯಾಸ ಬೇರುಬಿಟ್ಟ ಇಂಗ್ಲೆಂಡಿನಲ್ಲಿ ಹುಡುಕುವವನಿಗೆ ದೊಡ್ಡ ಅನುಕೂಲವೊಂದಿದೆ. ಅಲ್ಲಿಯ ಸರ್ಕಾರಿ ಭೂಮಾಪನ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೆ ಹತ್ತೊಂಬತ್ತನೆಯ ಶತಮಾನದ ನಡುಗಾಲದಿಂದಲೇ ಮೈಲಿಗೆ ಇಪ್ಪತ್ತೈದು ಅಂಗುಲದ ನಕ್ಷೆಗಳನ್ನು ತಯಾರಿಸಿತು. ಅದು 2500ಕ್ಕೆ 1ರ ಪ್ರಮಾಣ. ಹಳ್ಳಿಯ ನಿಲ್ದಾಣದ ಒಂದೊಂದು ಹಳಿದಾರಿಯೂ ಎರಡು ಸಣ್ಣ ಗೆರೆಗಳಾಗಿ ಅದರಲ್ಲಿ ಕಾಣುತ್ತದೆ. ಇಂದು ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಈ ಹಾಳೆಗಳನ್ನು ಅಂತರಜಾಲದಲ್ಲಿ ಯಾರು ಬೇಕಾದರೂ ನೋಡುವಂತೆ ಇಟ್ಟಿದೆ. ಆದರೂ ಅಲ್ಲಿಯ ಅನುಭವಿಗಳು ಒಂದು ಎಚ್ಚರಿಕೆ ಹೇಳುತ್ತಾರೆ: ಹಾಳೆಯ ಮೇಲಿರುವ ಪ್ರಕಟಣೆಯ ವರ್ಷವನ್ನು ನಂಬಬೇಡಿ, ಅಳತೆ ಮಾಡಿದ ವರ್ಷವನ್ನು ಹುಡುಕಿ ಎಂದು. ಎರಡರ ನಡುವೆ ಒಂದು ಹಳಿ ಬಂದಿರಬಹುದು, ಒಂದು ಹೋಗಿರಬಹುದು.

ಆ ದೇಶದ ಒಂದು ಉದಾಹರಣೆಯನ್ನು ಇಲ್ಲಿ ಹೇಳಬೇಕು. ರಾಯ್ ಇಂಗ್ಲೆಂಡ್ ಎಂಬ ತರುಣ 1925ರಲ್ಲಿ ಆಸ್ಟ್ರೇಲಿಯದಿಂದ ಇಂಗ್ಲೆಂಡಿಗೆ ಬಂದರು. ವೇಲ್ ಆಫ್ ವೈಟ್ ಹಾರ್ಸ್ ಎಂಬ ಕಣಿವೆಯ ಹಳ್ಳಿಗಳ ಹುಲ್ಲುಮಾಡಿನ ಮನೆಗಳು ಕಣ್ಣೆದುರಿಗೇ ರೂಪ ಕಳೆದುಕೊಳ್ಳುತ್ತಿರುವುದನ್ನು ಕಂಡು, ಅವುಗಳನ್ನು ಅಳೆದು, ಚಿತ್ರ ತೆಗೆದು, ಸಣ್ಣ ಪ್ರಮಾಣದಲ್ಲಿ ಮತ್ತೆ ಕಟ್ಟಿಡಲು ನಿಶ್ಚಯಿಸಿದರು. 1954ರಲ್ಲಿ ಅವರು ಆರಂಭಿಸಿದ ಪೆಂಡನ್ ವಸ್ತುಸಂಗ್ರಹಾಲಯ ಇಂದಿಗೂ ಆ ಕೆಲಸವನ್ನು ನಡೆಸುತ್ತಿದೆ. ಹಳ್ಳಿಯೂ ರೈಲೂ ಕೂಡಿದ 1920 ಮತ್ತು 1930ರ ದಶಕಗಳ ಬದುಕು ಅಲ್ಲಿ ಅಂಗೈಯಗಲದ ಮನೆಗಳಲ್ಲಿ ಉಳಿದಿದೆ. ಅದನ್ನು ಆಟಿಕೆಯೆಂದು ಕರೆಯಲು ನನಗೆ ಬಾಯಿ ಬರುವುದಿಲ್ಲ.

ಮೈಸೂರಿಗೆ ಬರೋಣ. ನಾನು ಮೊದಲು ಮಾಡಿದ ತಪ್ಪೆಂದರೆ "ಮೈಸೂರು ನಿಲ್ದಾಣದ ಹಳೆಯ ನಕ್ಷೆ" ಎಂದು ಹುಡುಕಿದ್ದು. ಅಂಥದೊಂದು ಇಲ್ಲ, ಇರಲೂ ಸಾಧ್ಯವಿಲ್ಲ. ಏಕೆಂದರೆ ಆ ಹೆಸರಿನ ನಿಲ್ದಾಣ ಒಂದಲ್ಲ, ಹಲವು.

1882ರಲ್ಲಿ ಬೆಂಗಳೂರಿನಿಂದ ಮೀಟರ್ ಗೇಜು ದಾರಿ ಮೈಸೂರನ್ನು ಮುಟ್ಟಿದಾಗ ಅದು ಕೊನೆಯ ನಿಲ್ದಾಣ. ಕೊನೆಯ ನಿಲ್ದಾಣದ ಧರ್ಮವೇ ಬೇರೆ. ಬಂದ ಎಂಜಿನ್ನು ಬಂಡಿಗಳಿಂದ ಕಳಚಿಕೊಂಡು, ಪಕ್ಕದ ದಾರಿಯಲ್ಲಿ ಹಿಂದೆ ಸರಿದು, ಇನ್ನೊಂದು ತುದಿಗೆ ಸೇರಬೇಕು. ಅದು ತಂಗಲು, ಬೂದಿ ಕೊಡವಲು, ಮುಖ ತಿರುಗಿಸಲು ವ್ಯವಸ್ಥೆ ಇರಬೇಕು. 1891ರಲ್ಲಿ ದಾರಿ ತೆಂಕಣಕ್ಕೆ ನಂಜನಗೂಡಿನವರೆಗೆ ಬೆಳೆಯಿತು. ಕೊನೆ ಎನ್ನಿಸಿಕೊಂಡಿದ್ದ ಕಡೆಯಿಂದಲೇ ಹೊಸ ದಾರಿ ಹೊರಟಿತು. 1918ರ ವೇಳೆಗೆ ಅರಸೀಕೆರೆಯಿಂದ ಹಾಸನದ ಮೂಲಕ ಬಂದ ಮತ್ತೊಂದು ದಾರಿ ಸೇರಿ ಮೈಸೂರು ಜಂಕ್ಷನ್ ಆಯಿತು.

ಇಲ್ಲಿ ಭೂಗೋಳವನ್ನು ಸ್ವಲ್ಪ ಗಮನಿಸಿ. ಬೆಂಗಳೂರಿನ ದಾರಿ, ಅರಸೀಕೆರೆಯ ದಾರಿ ಎರಡೂ ನಿಲ್ದಾಣವನ್ನು ಸೇರುವುದು ಬಡಗಣ ತುದಿಯಲ್ಲಿ. ನಂಜನಗೂಡಿನ ದಾರಿ ಹೊರಡುವುದು ತೆಂಕಣ ತುದಿಯಿಂದ. ಆದ್ದರಿಂದ ಬೆಂಗಳೂರಿನಿಂದ ಬಂದ ಗಾಡಿ ಹಾಸನದ ಕಡೆಗೆ ಹೋಗಬೇಕಾದರೆ ಬಂದ ದಿಕ್ಕಿಗೇ ಮರಳಿ ಹೊರಡಬೇಕು, ಎಂಜಿನ್ನು ತುದಿ ಬದಲಿಸಬೇಕು. ಹಾಸನದ ಕಡೆಗೆ ಹೋಗುವ ಗಾಡಿಯಲ್ಲಿ ಕುಳಿತವರು ಮೈಸೂರಿನಲ್ಲಿ "ಇದೇನು, ಹಿಂದಕ್ಕೆ ಹೋಗುತ್ತಿದೆಯಲ್ಲ!" ಎಂದು ಬೆರಗಾಗುವುದು ಇದೇ ಕಾರಣದಿಂದ. ನಕ್ಷೆ ಒಂದೂ ಕೈಗೆ ಸಿಗುವ ಮೊದಲೇ, ಬರಿಯ ಈ ಒಂದು ಸಂಗತಿಯಿಂದ, ಎಂಜಿನ್ನು ಸುತ್ತಿ ಬರಲು ತೆರವಾದ ದಾರಿಯೊಂದು ಪ್ಲಾಟ್‌ಫಾರಮಿನ ಪಕ್ಕದಲ್ಲಿ ಇರಲೇಬೇಕೆಂದು ತರ್ಕಿಸಬಹುದು. ಹಳಿನಕ್ಷೆ ಚಿತ್ರವಲ್ಲ, ಅದು ಒಂದು ವಾಕ್ಯ. ಅದಕ್ಕೆ ಅನ್ವಯವಿದೆ.

ಮುಂದೆ 1993ರಲ್ಲಿ ಬೆಂಗಳೂರಿನ ದಾರಿ ಬ್ರಾಡ್ ಗೇಜಾಯಿತು. ಉಳಿದೆರಡು ದಾರಿಗಳು ಕೂಡಲೇ ಬದಲಾಗಲಿಲ್ಲ. ಕೆಲವು ವರ್ಷ 1676 ಮಿಲಿಮೀಟರ್, 1000 ಮಿಲಿಮೀಟರ್ ಎರಡೂ ಅಗಲದ ಹಳಿಗಳು ಒಂದೇ ನಿಲ್ದಾಣದಲ್ಲಿ ಬಾಳಿದವು. ಹೀಗೆ 1882ರದು, 1891ರದು, 1918ರದು, 1993ರದು ಎಂದು ಲೆಕ್ಕ ಹಾಕಿದರೆ, ಮೈಸೂರು ನಿಲ್ದಾಣಕ್ಕೆ ಕಡಮೆಯೆಂದರೂ ನಾಲ್ಕು ಪಾಠಗಳು. ಗ್ರಂಥಸಂಪಾದಕ ಕವಿಯ ಮೂಲಪಾಠವನ್ನು ಅರಸುತ್ತಾನೆ. ನಿಲ್ದಾಣಕ್ಕೆ ಮೂಲಪಾಠವೆಂಬುದಿಲ್ಲ, ಪ್ರತಿಯೊಂದು ಪಾಠವೂ ತನ್ನ ದಿನದ ಮಟ್ಟಿಗೆ ನಿಜ. ಆದ್ದರಿಂದ ಮಾದರಿಕಾರ ಮೊದಲು ಆರಿಸಿಕೊಳ್ಳಬೇಕಾದದ್ದು ನಕ್ಷೆಯನ್ನಲ್ಲ, ದಿನಾಂಕವನ್ನು. ನಾನು ಆರಿಸಿಕೊಂಡದ್ದು ನನ್ನ ಬಾಲ್ಯವನ್ನು, 1965ರ ಆಸುಪಾಸನ್ನು.

ದಿನಾಂಕ ನಿಶ್ಚಯವಾದ ಮೇಲೆ ಕಾಗದದ ಬೇಟೆ. ಇಲ್ಲಿ ಇತಿಹಾಸ ನಮಗೆ ಅಷ್ಟಾಗಿ ಒಲಿದಿಲ್ಲ. ಈ ದಾರಿಯ ಆಡಳಿತ 1886ರಲ್ಲಿ ಸದರನ್ ಮರಾಠ ರೈಲ್ವೆ ಕಂಪನಿಯ ಕೈಗೆ ಹೋಯಿತು. 1908ರಲ್ಲಿ ಅದು ಮದ್ರಾಸ್ ರೈಲ್ವೆಯೊಡನೆ ಸೇರಿ ಮದ್ರಾಸ್ ಅಂಡ್ ಸದರನ್ ಮರಾಠ ಎಂಬ ಕಂಪನಿಯಾಯಿತು. 1919ರಲ್ಲಿ ಮೈಸೂರು ಸಂಸ್ಥಾನ ಈ ದಾರಿಯನ್ನು ತಾನೇ ನಡೆಸಲು ತೆಗೆದುಕೊಂಡಿತು; 1951ರಲ್ಲಿ ಅದು ದಕ್ಷಿಣ ರೈಲ್ವೆಗೆ, 2003ರಲ್ಲಿ ನೈರುತ್ಯ ರೈಲ್ವೆಗೆ ಸೇರಿತು. ಮನೆ ಬದಲಿಸಿದಾಗಲೆಲ್ಲ ಒಂದಷ್ಟು ಸಾಮಾನು ಹಿಂದೆ ಉಳಿಯುವುದು ಸಂಸಾರಿಗಳೆಲ್ಲ ಬಲ್ಲ ಸಂಗತಿ. ಕಂಪನಿಗಳ ಕಾಲದ ಕಾಗದಗಳನ್ನು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಹುಡುಕಬೇಕು. ಸಂಸ್ಥಾನದ ಕಾಲದವನ್ನು ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ. ಅಲ್ಲಿಂದೀಚಿನವನ್ನು ರೈಲ್ವೆಯ ಕಚೇರಿಗಳಲ್ಲಿ. ಸಂಸ್ಥಾನದ ವಾರ್ಷಿಕ ಆಡಳಿತ ವರದಿಗಳಲ್ಲಿ ರೈಲ್ವೆಯ ಅಧ್ಯಾಯ ಇರುತ್ತಿತ್ತು. ಚಿತ್ರವಿರದಿದ್ದರೂ ಯಾವ ವರ್ಷ ಯಾವ ಕೆಲಸಕ್ಕೆ ಹಣ ಖರ್ಚಾಯಿತೆಂದು ತಿಳಿಯಲು ಅವು ನೆರವಾಗುತ್ತವೆ.

ಕೈಗೆ ಬರುವ ಕಾಗದಗಳಲ್ಲಿ ಮೂರು ಜಾತಿ. ಮೂರನ್ನೂ ಬೇರೆಬೇರೆ ರೀತಿಯಲ್ಲಿ ಓದಬೇಕು.

ಮೊದಲನೆಯದು ಸರ್ವೆ ಆಫ್ ಇಂಡಿಯಾದ ಭೂಪಟ. ಮೈಲಿಗೆ ಒಂದಂಗುಲದ ಆ ಹಾಳೆಯಲ್ಲಿ ನಿಲ್ದಾಣವೆಂಬುದು ಒಂದು ಗುರುತು ಮಾತ್ರ. ಹಳಿಗಳನ್ನು ಅಲ್ಲಿ ಎಣಿಸುವಂತಿಲ್ಲ. ಆದರೆ ದಾರಿ ಯಾವ ದಿಕ್ಕಿನಿಂದ ಬಂತು, ರಸ್ತೆ ಎಲ್ಲಿ ಅಡ್ಡ ಹಾಯಿತು, ಕೆರೆ ಎಲ್ಲಿತ್ತು ಎಂಬುದಕ್ಕೆ ಅದಕ್ಕಿಂತ ನಂಬಿಕೆಯ ಸಾಕ್ಷಿಯಿಲ್ಲ.

ಎರಡನೆಯದು ಎಂಜಿನಿಯರುಗಳ ನಕ್ಷೆ. ಇದು ಅಳತೆಗೆ ಸರಿಯಾಗಿ ಬರೆದದ್ದು. ಕೈಗೆ ಸಿಕ್ಕಿದಾಗ ನಿಧಿ ಸಿಕ್ಕಷ್ಟು ಸಂತೋಷವಾಗುತ್ತದೆ. ಅಪಾಯವಿರುವುದೂ ಆ ಸಂತೋಷದಲ್ಲೇ. ಇಂಥ ನಕ್ಷೆಗಳಲ್ಲಿ ಹಲವು, ಮುಂದೆ ಮಾಡಬೇಕೆಂದಿದ್ದ ಕೆಲಸಕ್ಕೆ ಮಂಜೂರಾತಿ ಕೇಳಲು ಬರೆದವು. ಬಣ್ಣದ ಗೆರೆಯಲ್ಲಿ ಕಾಣುವ ಹಳಿ ಆಗ ಇದ್ದದ್ದೋ, ಆಗಬೇಕಾಗಿದ್ದದ್ದೋ? ನಕ್ಷೆಯ ಮೂಲೆಯಲ್ಲಿರುವ ವಿವರಣೆಯನ್ನು, ರುಜುವನ್ನು, ತಿದ್ದುಪಡಿಗಳ ತಾರೀಖನ್ನು ಓದದೆ ಮುಂದುವರಿಯಬಾರದು.

ಮೂರನೆಯದು ಸ್ಟೇಷನ್ ವರ್ಕಿಂಗ್ ರೂಲ್ಸ್ ಎಂಬ ನಿಯಮಗಳ ಜೊತೆಗೆ ಸ್ಟೇಷನ್ ಮಾಸ್ತರರ ಕೋಣೆಯಲ್ಲಿರುವ ರೇಖಾಚಿತ್ರ. ಯಾವ ದಾರಿಗೆ ಯಾವ ಅಂಕೆ, ಯಾವ ಸಿಗ್ನಲ್ಲು ಯಾವುದಕ್ಕೆ ಎಂಬುದೆಲ್ಲ ಅದರಲ್ಲಿ ಸ್ಪಷ್ಟ. ಆದರೆ ಅದು ಅಳತೆಯ ಚಿತ್ರವಲ್ಲ. ಉದ್ದವನ್ನು ಕುಗ್ಗಿಸಿ ಅಗಲವನ್ನು ಹಿಗ್ಗಿಸಿ ಬರೆದಿರುತ್ತಾರೆ. ವಕ್ರವಾದ ದಾರಿಯೂ ಅಲ್ಲಿ ನೇರ. ಅದನ್ನೇ ಹಿಗ್ಗಿಸಿಕೊಂಡು ಹಲಗೆಯ ಮೇಲೆ ಹಳಿ ಹಾಕಿದವರು ಪಶ್ಚಾತ್ತಾಪಪಟ್ಟಿದ್ದಾರೆ. ಅವರಲ್ಲಿ ನಾನೂ ಒಬ್ಬ.

ಈ ಮೂರರ ಕೊರತೆಯನ್ನು ತುಂಬಲು ಬೇರೆ ಸಾಕ್ಷಿಗಳಿವೆ. ಛಾಯಾಚಿತ್ರದಲ್ಲಿ ಅಳತೆಗೋಲು ತಾನಾಗಿಯೇ ಅಡಗಿರುತ್ತದೆ: ಮೀಟರ್ ಗೇಜಿನ ಮರದ ಸ್ಲೀಪರಿನ ಉದ್ದ ಆರು ಅಡಿ, ಬ್ರಾಡ್ ಗೇಜಿನದು ಒಂಬತ್ತು ಅಡಿ. ಚಿತ್ರದಲ್ಲಿ ಒಂದು ಸ್ಲೀಪರ್ ಸ್ಪಷ್ಟವಾಗಿ ಕಂಡರೆ ಅದರ ಪಕ್ಕದ ಪ್ಲಾಟ್‌ಫಾರಮಿನ ಎತ್ತರವನ್ನು ಲೆಕ್ಕ ಹಾಕಬಹುದು. ಮದುವೆಯ ದಿಬ್ಬಣವನ್ನು ಬೀಳ್ಕೊಡುವಾಗ ತೆಗೆದ ಚಿತ್ರದಲ್ಲಿ, ಬೀಗರ ಪೇಟದ ಹಿಂದೆ, ನನಗೆ ಬೇಕಾಗಿದ್ದ ಹಳಿಯ ಕವಲು ಕಂಡದ್ದುಂಟು. ಆ ಮನೆಯವರಿಗೆ ಬೀಗರನ್ನು ಬಿಟ್ಟು ಕಂಬಿಯನ್ನು ನೋಡುವ ನನ್ನ ಮೇಲೆ ಕನಿಕರ ಹುಟ್ಟಿತು.

ಆಕಾಶದಿಂದಲೂ ಸಾಕ್ಷಿಯಿದೆ. ಅಮೆರಿಕದ ಕರೋನಾ ಎಂಬ ಗೂಢಚಾರ ಉಪಗ್ರಹಗಳು 1960ರಿಂದ 1972ರವರೆಗೆ ತೆಗೆದ ಚಿತ್ರಗಳ ಗೋಪ್ಯತೆಯನ್ನು 1995ರಲ್ಲಿ ತೆಗೆದುಹಾಕಲಾಯಿತು. ಅವುಗಳಲ್ಲಿ ಭಾರತದ ಚಿತ್ರಗಳೂ ಇವೆ. ಅತ್ಯುತ್ತಮವಾದವುಗಳಲ್ಲಿ ಸುಮಾರು ಎರಡು ಮೀಟರಿನಷ್ಟು ವಸ್ತು ಗೋಚರಿಸುತ್ತದೆ. ಹಳಿ ಕಾಣದು; ಆದರೆ ಎಂಜಿನ್ನು ತಿರುಗಿಸುವ ಮೇಜಿನ ವೃತ್ತ, ನೀರಿನ ತೊಟ್ಟಿಯ ನೆರಳು, ಗೂಡ್ಸ್ ಷೆಡ್ಡಿನ ಮಾಡು ಇವೆಲ್ಲ ಕಾಣಬಹುದು. ಒಂದು ದೇಶ ಮತ್ತೊಂದರ ಮೇಲಿನ ಸಂಶಯದಿಂದ ತೆಗೆದ ಚಿತ್ರ ಮೈಸೂರಿನ ಮುದುಕನೊಬ್ಬನ ಆಟಕ್ಕೆ ಒದಗುತ್ತದೆಂದು ಯಾರು ಎಣಿಸಿದ್ದರು?

ರೈಲ್ವೆ ವೇಳಾಪಟ್ಟಿಯನ್ನೂ ನಕ್ಷೆಯಂತೆ ಓದಬಹುದು. ಒಂದು ಗಳಿಗೆಯಲ್ಲಿ ಮೂರು ಗಾಡಿಗಳು ನಿಲ್ದಾಣದಲ್ಲಿ ನಿಂತಿರಬೇಕೆಂದು ವೇಳಾಪಟ್ಟಿ ಹೇಳಿದರೆ ಅವುಗಳಿಗೆ ಮೂರು ದಾರಿಗಳಿದ್ದವೆಂದಾಯಿತು. ಇನ್ನು ಹಳೆಯ ಸಿಗ್ನಲ್ ಕ್ಯಾಬಿನ್ನಿನ ಚಿತ್ರ ಸಿಕ್ಕರೆ ಲಿವರುಗಳ ಬಣ್ಣ ನೋಡಬೇಕು: ನಿಲ್ಲಿಸುವ ಸಿಗ್ನಲ್ಲಿಗೆ ಕೆಂಪು, ಹಳಿ ಬದಲಿಸುವ ಪಾಯಿಂಟ್ಸಿಗೆ ಕಪ್ಪು, ಅದರ ಬೀಗಕ್ಕೆ ನೀಲಿ. ಬಿಳಿಯ ಲಿವರಿಗೆ ಕೆಲಸವಿಲ್ಲ. ಅದು ಮುಂದಿನ ದಾರಿಗಾಗಿ ಕಾದಿಟ್ಟದ್ದಿರಬಹುದು, ಇಲ್ಲವೆ ಇದ್ದ ದಾರಿಯೊಂದು ಕಿತ್ತುಹೋದದ್ದರ ಗುರುತಿರಬಹುದು. ಓಲೆಗರಿಯಲ್ಲಿ ಅಕ್ಷರ ಅಳಿಸಿದ ಜಾಗವೂ ಸಂಪಾದಕನಿಗೆ ಏನನ್ನೋ ಹೇಳುವುದಿಲ್ಲವೆ?

ಕೊನೆಯ ಸಾಕ್ಷಿ ಮನುಷ್ಯ. ಎಲ್ಲಕ್ಕಿಂತ ಮೊದಲು ಕಳೆದುಹೋಗುವ ಸಾಕ್ಷಿ ಅದು.

ಮೈಸೂರನ್ನು ಕಟ್ಟುವ ಮೊದಲು ಕೈ ಪಳಗಲೆಂದು ಅದೇ ದಾರಿಯ ಸಣ್ಣ ನಿಲ್ದಾಣವೊಂದನ್ನು ಆರಿಸಿಕೊಂಡಿದ್ದೆ. ಅದರ ಎಂಜಿನಿಯರಿಂಗ್ ನಕ್ಷೆಯ ಪ್ರತಿ ದೊರೆತಿತ್ತು. ಗೂಡ್ಸ್ ಷೆಡ್ಡಿನ ಹಿಂದೆ ಎರಡು ಸೈಡಿಂಗುಗಳು ಅದರಲ್ಲಿದ್ದವು. ಆ ನಿಲ್ದಾಣದಲ್ಲಿ ಪಾಯಿಂಟ್ಸ್‌ಮನ್ ಆಗಿದ್ದು ನಿವೃತ್ತರಾದ ಒಬ್ಬರು ಪಕ್ಕದ ಹಳ್ಳಿಯಲ್ಲಿದ್ದಾರೆಂದು ತಿಳಿದು, ನಕ್ಷೆಯನ್ನು ಸುರುಳಿ ಸುತ್ತಿಕೊಂಡು ಹೋದೆ. ಎಂಬತ್ತು ಮೀರಿದ ವಯಸ್ಸು. ನಕ್ಷೆಯನ್ನು ಬಿಡಿಸಿ ಮುಂದಿಟ್ಟರೆ ಅವರು ಅದನ್ನು ನೋಡಲೇ ಇಲ್ಲ. ಕಣ್ಣು ಅಷ್ಟು ಸೂಕ್ಷ್ಮವಾಗಿ ಕಾಣದು ಎಂದರು. ಸೊಸೆಯನ್ನು ಕರೆದು, "ಒಸಿ ರಂಗೋಲಿ ಪುಡಿ ತಾರವ್ವ" ಎಂದರು. ಸಗಣಿ ಸಾರಿಸಿದ ಅಂಗಳದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು, ಬೆರಳ ಸಂದಿನಿಂದ ಪುಡಿ ಬಿಡುತ್ತ, ಮೇನ್ ಲೈನು, ಲೂಪ್ ಲೈನು, ಸೈಡಿಂಗು ಎಂದು ಹೇಳಿಕೊಂಡು ಗೆರೆ ಎಳೆದರು. ಗೆರೆ ಎಳೆಯುವಾಗ ಅವರ ಎಡಗೈ ಆಗಾಗ ಪಾಯಿಂಟ್ಸನ್ನು ಎಳೆಯುವಂತೆ ತಾನಾಗಿಯೇ ಚಲಿಸುತ್ತಿತ್ತು.

ಸೈಡಿಂಗು ಒಂದೇ ಬಂತು. "ಯಜಮಾನರೇ, ಇನ್ನೊಂದು?" ಎಂದೆ.

"ಇನ್ನೊಂದೆಲ್ಲೈತೆ ಸ್ವಾಮಿ? ಬರೀ ಮಣ್ಣು ಹೊಯ್ದು ಬುಟ್ರು. ಕಂಬಿ ಹಾಕ್ಲೇ ಇಲ್ಲ. ಅದ್ರ ಮ್ಯಾಲೆ ನಮ್ ಹುಡ್ಗರು ಚಿನ್ನಿದಾಂಡು ಆಡೋರು."

ನಾನು ಮನೆಗೆ ಬಂದು ಹಳೆಯ ಛಾಯಾಚಿತ್ರವನ್ನು ಭೂತಗನ್ನಡಿಯಲ್ಲಿ ಮತ್ತೆ ನೋಡಿದೆ. ಷೆಡ್ಡಿನ ಹಿಂದೆ ಎತ್ತರಿಸಿದ ಮಣ್ಣಿನ ದಿಬ್ಬ, ಅದರ ಮೇಲೆ ಹುಲ್ಲು. ಕಂಬಿ ಇಲ್ಲ. ನಕ್ಷೆ ಬರೆದ ಎಂಜಿನಿಯರು ಸುಳ್ಳು ಹೇಳಿರಲಿಲ್ಲ; ಅವರು ಆಸೆಯನ್ನು ಬರೆದಿದ್ದರು. ಅಜ್ಜನ ರಂಗೋಲಿಯಲ್ಲಿ ಅಳತೆ ಎಲ್ಲವೂ ತಪ್ಪು, ಸಂಬಂಧ ಎಲ್ಲವೂ ಸರಿ. ನಕ್ಷೆಯಿಂದ ಅಳತೆಯನ್ನು, ರಂಗೋಲಿಯಿಂದ ಸಂಬಂಧವನ್ನು, ಚಿತ್ರದಿಂದ ದಿನಾಂಕವನ್ನು ತೆಗೆದುಕೊಂಡಾಗ ಮಾತ್ರ ನನ್ನ ಹಾಳೆ ಪೂರ್ತಿಯಾಯಿತು. ಹಾಗೆಂದು ನೆನಪೂ ಪ್ರಮಾಣವಲ್ಲ. ಮೂವತ್ತು ವರ್ಷ ಒಂದೇ ಕಡೆ ಇದ್ದವರಿಗೆ ಯಾವುದು ಮೊದಲು ಬಂತು, ಯಾವುದು ಆಮೇಲೆ ಎಂಬುದು ಕಲಸಿಹೋಗುತ್ತದೆ. "ಯಾವ ವರ್ಷ?" ಎಂದು ಕೇಳಬಾರದು, "ನಿಮ್ಮ ಹಿರಿಯ ಮಗ ಹುಟ್ಟಿದಾಗ ಅದು ಇತ್ತೆ?" ಎಂದು ಕೇಳಬೇಕು.

ಇಷ್ಟರಿಂದ ನಾನು ಕಲಿತ ಕ್ರಮ ಸರಳವಾದದ್ದು. ಒಂದೊಂದು ಆಧಾರಕ್ಕೂ ಒಂದೊಂದು ಪಾರದರ್ಶಕ ಹಾಳೆ. ಅದರ ಮೂಲೆಯಲ್ಲಿ ಆಧಾರದ ಹೆಸರು, ತಾರೀಖು. ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ನೋಡಬೇಕು. ಎರಡು ಸಾಕ್ಷಿಗಳು ಒಪ್ಪಿದ ಹಳಿಗೆ ಮಸಿ. ಒಂದೇ ಸಾಕ್ಷಿಯಿದ್ದರೆ ಪೆನ್ಸಿಲು. ಬರಿಯ ತರ್ಕದಿಂದ ಬಂದದ್ದಕ್ಕೆ ಚುಕ್ಕೆಗೆರೆ. ನನ್ನ ಮೈಸೂರಿನ ಹಾಳೆಯಲ್ಲಿ ಇನ್ನೂ ಚುಕ್ಕೆಗಳಿವೆ. ಅದಕ್ಕೆ ನನಗೆ ನಾಚಿಕೆಯಿಲ್ಲ. ಚುಕ್ಕೆಯನ್ನು ಗೆರೆಯೆಂದು ತೋರಿಸಿದರೆ ನಾಚಿಕೆಪಡಬೇಕು. ನನ್ನ ಹಿರಿಯ ಮಿತ್ರರು ಆ ಹಾಳೆಯನ್ನು ಬಹಳ ಹೊತ್ತು ನೋಡಿ, "ಅಡಿಟಿಪ್ಪಣಿ ಸರಿಯಾಗಿದೆ" ಎಂದರು. ಅವರ ಬಾಯಲ್ಲಿ ಅದು ದೊಡ್ಡ ಪ್ರಶಂಸೆ.

1992ರಲ್ಲಿ ಆರಂಭವಾದ ಏಕಗೇಜು ಯೋಜನೆಯಿಂದ ನಾಡಿಗೆ ಉಪಕಾರವಾಯಿತು. ಗೇಜು ಬದಲಾದ ಕಡೆ ಸರಕನ್ನು ಒಂದು ವ್ಯಾಗನ್ನಿನಿಂದ ಇನ್ನೊಂದಕ್ಕೆ ತುಂಬುವ ಶ್ರಮ ತಪ್ಪಿತು, ಗಾಡಿಗಳ ವೇಗ ಹೆಚ್ಚಿತು. ಮೀಟರ್ ಗೇಜು ಮರಳಿ ಬರಲಿ ಎಂದು ಹೇಳುವಷ್ಟು ಹಳಹಳಿಕೆ ನನ್ನದಲ್ಲ. ಆದರೆ ನೂರು ವರ್ಷ ಈ ನಾಡಿನ ರಾಗಿ, ಸೌದೆ, ಕಾಗದ, ಮದುವಣಿಗರನ್ನು ಹೊತ್ತ ಒಂದು ವ್ಯವಸ್ಥೆ ಒಂದೆರಡು ದಶಕದಲ್ಲಿ ನೆಲದಿಂದ ಎದ್ದುಹೋಯಿತು. ಎಂಜಿನ್ನುಗಳನ್ನು 1979ರಲ್ಲಿ ತೆರೆದ ಮೈಸೂರಿನ ರೈಲು ವಸ್ತುಸಂಗ್ರಹಾಲಯದಲ್ಲಿ ಕಾಣಬಹುದು. ಅವು ಓಡಾಡಿದ ದಾರಿಗಳ ಜೋಡಣೆಯನ್ನು ವಸ್ತುವಾಗಿ ಎಲ್ಲಿಯೂ ಇಡಲಾಗದು. ಅದು ಕಾಗದದಲ್ಲಿ ಉಳಿಯಬೇಕು, ಇಲ್ಲವೆ ಯಾರದಾದರೂ ತಲೆಯಲ್ಲಿ. ಹಳೆಯ ಗೇಜಿನ ನಕ್ಷೆಗೆ ಕಚೇರಿಯಲ್ಲಿ ಕೆಲಸವಿಲ್ಲ. ಕೆಲಸವಿಲ್ಲದ ಕಾಗದದ ಗತಿ ಏನೆಂದು ನಾವೆಲ್ಲ ಬಲ್ಲೆವು.

ಆದ್ದರಿಂದ ನನ್ನದೊಂದು ಬಿನ್ನಹ. ನಿಮ್ಮ ಮನೆಯಲ್ಲಿ ರೈಲ್ವೆಯಲ್ಲಿ ದುಡಿದ ಹಿರಿಯರಿದ್ದರೆ, ಅವರ ಟ್ರಂಕಿನಲ್ಲಿ ಹಳೆಯ ವೇಳಾಪಟ್ಟಿ, ನಿಯಮ ಪುಸ್ತಕ, ಮಡಿಸಿದ ನೀಲಿ ಹಾಳೆ ಇದ್ದರೆ, ರದ್ದಿಗೆ ಹಾಕುವ ಮೊದಲು ಬಿಡಿಸಿ ನೋಡಿ. ಅವರ ಮುಂದೆ ಒಂದು ಕಾಗದ, ಒಂದು ಪೆನ್ಸಿಲು ಇಟ್ಟು, "ನೀವಿದ್ದ ಸ್ಟೇಷನ್ನು ಹೇಗಿತ್ತು?" ಎಂದು ಕೇಳಿ. ಬರೆದದ್ದರ ಮೇಲೆ ತಾರೀಖು ಹಾಕಿಡಿ.

ರಂಗೋಲಿಯಲ್ಲಿ ನಿಲ್ದಾಣ ಬರೆದುಕೊಟ್ಟ ಆ ಹಿರಿಯರು ಕಳೆದ ವರ್ಷ ತೀರಿಕೊಂಡರು. ಅವರ ನಿಲ್ದಾಣ ಈಗ ನಮ್ಮ ನಡುಮನೆಯಲ್ಲಿ, ಹದಿನಾರು ಅಡಿಯ ಹಲಗೆಯ ಮೇಲಿದೆ. ಷೆಡ್ಡಿನ ಹಿಂದೆ ಸೈಡಿಂಗು ಒಂದೇ. ಅದರಾಚೆಗೆ ಮಣ್ಣಿನ ದಿಬ್ಬ. ಅದರ ಮೇಲೆ ಚಿನ್ನಿದಾಂಡು ಆಡುವ ನಾಲ್ವರು ಹುಡುಗರು, ಒಬ್ಬೊಬ್ಬನೂ ಜೋಳದ ಕಾಳಿನಷ್ಟು ಎತ್ತರ. ನೋಡಲು ಬಂದವರು ಮೊದಲು ಕೇಳುವುದು ಅದನ್ನೇ: ಇಲ್ಲಿ ಹಳಿ ಯಾಕಿಲ್ಲ?